ತೂಗುವ ಹೆಗಲಿಗೊಂದು ಕೋಟು

ಮೊದಲ ದಿನ ಮೇಷ್ಟರು ಅವಳ ಹೊಲಿಗೆ ಅಂಗಡಿಗೆ ಬಂದಾಗ, ರೇಡಿಯೋ ಹಾಡಿಗೆ ಕುಣಿಯುತ್ತಿದ್ದಾರೆಂದೇ ಅವಳು ತಿಳಿದಳು. ಹೆಗಲು ತೂಗುತ್ತಿತ್ತು, ಕತ್ತು ಒಂದು ಕಡೆಗೆ ಹೊರಳಿ ಮರಳುತ್ತಿತ್ತು. ಎದೆಗೆ ಟೇಪು ಸುತ್ತಿದರೆ ಅಳತೆಯೇ ಸಿಕ್ಕದು. ಹಾಡು ಮುಗಿಯಲಿ, ಆಮೇಲೆ ಅಳೆಯುತ್ತೇನೆ ಎಂದು ಛೇಡಿಸಿದಳು.

"ಹಾಡು ನಿಮ್ಮ ರೇಡಿಯೋದಲ್ಲಿಲ್ಲ ಟೈಲರ್ ಮೇಡಂ," ಎಂದರು ಮೇಷ್ಟರು, "ನನ್ನ ಮಾತ್ರೆಯಲ್ಲಿದೆ."

ಅವಳು ನಾಲಿಗೆ ಕಚ್ಚಿಕೊಂಡಳು. ಪಾರ್ಕಿನ್ಸನ್ಸ್ ಅಂತೆ. ಮಾತ್ರೆ ನುಂಗದಿದ್ದರೆ ಕೈಕಾಲು ಕೊರಡು; ನುಂಗಿದರೆ, ಅದರ ಬಲ ಏರಿದ ಹೊತ್ತಿನಲ್ಲಿ ಮೈ ತನ್ನಷ್ಟಕ್ಕೆ ತಾನೇ ತೂಗಾಡುತ್ತದೆ. ತಿಂಗಳ ಕೊನೆಗೆ ನಿವೃತ್ತಿ. ಮೂವತ್ತು ವರ್ಷ ಗಣಿತ ಕಲಿಸಿದ ಶಾಲೆಯ ವೇದಿಕೆಯಲ್ಲಿ ಹೊಸ ಕೋಟು ತೊಟ್ಟು ಮಾತಾಡಬೇಕು. ಮನೆಯಲ್ಲಿ ತಾವು ಮತ್ತು ಮಾತ್ರೆಯ ಅಲಾರಾಂ, ಇಬ್ಬರೇ ಎಂದು ನಕ್ಕರು.

ಆ ನಗುವಿಗೆ ಅವಳು ಟೇಪಿನ ಅಂಕಿ ಎರಡು ಸಲ ಮರೆತಳು. ಗಂಡ ಹೋಗಿ ಹತ್ತು ವರ್ಷ; ಕೊರಳಲ್ಲಿ ಟೇಪು ಬಿಟ್ಟರೆ ಇನ್ನೇನೂ ಇರಲಿಲ್ಲ.

ಟ್ರಯಲ್‌ಗೆ ಬಂದಾಗ ಮೇಷ್ಟರು ಕಂಬದಂತೆ ನಿಂತರು. ಅವಳು ಖುಷಿಯಿಂದ ಪಿನ್ನು ಚುಚ್ಚುತ್ತಾ ಹೋದಳು. ಕೈ ಎತ್ತಿ ಎಂದಳು. ಕೈ ಏಳಲಿಲ್ಲ. ಮುಖ ನೋಡಿದರೆ ಆ ನಗುವೂ ಇಲ್ಲ. ಗಾಜಿನೊಳಗಿನ ಬೊಂಬೆಗಿದ್ದಷ್ಟೇ ಕಳೆ.

ಮಧ್ಯಾಹ್ನದ ಮಾತ್ರೆ ಬಿಟ್ಟಿದ್ದರು.

"ನಿಮ್ಮೆದುರು ಒಂದ್ಸಲ ನೆಟ್ಟಗೆ ನಿಲ್ಲೋಣ ಅನ್ನಿಸ್ತು," ಎಂದರು ಮೆಲ್ಲಗೆ.

ಅವಳಿಗೆ ಕೋಪ ಬಂತು, ಕೋಪದ ಬೆನ್ನಿಗೇ ಕಣ್ಣು ತುಂಬಿತು. ಅವರ ಜೇಬಿನ ಡಬ್ಬಿಯಿಂದ ಮಾತ್ರೆ ತೆಗೆದು ನೀರಿನ ಜೊತೆ ಕೊಟ್ಟಳು.

"ನೋಡಿ ಮೇಷ್ಟ್ರೇ, ಅಲುಗಾಡದವರಿಗೆ ಹೊಲಿಬೇಕು ಅಂದ್ರೆ ನಂಗೆ ಬೊಂಬೆ ಇದೆ. ನೀವು ಹೇಗಿದ್ದೀರೋ ಹಾಗೆ ಬನ್ನಿ."

ಮೈ ಸಡಿಲಾಗಿ ಹೆಗಲು ತೂಗುವವರೆಗೆ ಕಾದು, ಚುಚ್ಚಿದ ಪಿನ್ನನ್ನೆಲ್ಲ ಕಿತ್ತಳು. ಆ ತೂಗಾಟದ ಜೊತೆಗೆ ತಾನೂ ಹೆಜ್ಜೆ ಸರಿಸುತ್ತಾ, ಬೆನ್ನಿಗೆ, ಕಂಕುಳಿಗೆ ಎಷ್ಟು ಲೂಸ್ ಬಿಡಬೇಕೆಂದು ಚಾಕ್‌ನಲ್ಲಿ ಗುರುತು ಹಾಕಿದಳು.

ಅಷ್ಟಕ್ಕೇ ಬಿಡಲಿಲ್ಲ. ಯಾವಾಗ ಮಾತ್ರೆ, ಯಾವಾಗ ತೂಗಾಟ ಎಂದು ಬರೆದು ತರಲು ಡಾಕ್ಟರು ಹೇಳಿದ್ದರಂತೆ. ನಾಚಿಕೆಗೆ ಮೇಷ್ಟರು ಬರೆದೇ ಇರಲಿಲ್ಲ. ಅವಳು ತನ್ನ ಅಳತೆ ಪುಸ್ತಕದಲ್ಲಿ, ಅವರ ಪುಟದಲ್ಲೇ, ಅರ್ಧರ್ಧ ಗಂಟೆಗೊಂದು ಚೌಕ ಹಾಕಿದಳು. ಬಿಗಿಯೋ, ಹಗುರವೋ, ತೂಗಾಟವೋ ಎಂದು ಚೀಟಿಯಲ್ಲಿ ಗುರುತಿಸಿಕೊಂಡು, ಶಾಲೆ ಬಿಟ್ಟೊಡನೆ ಬಂದು ತುಂಬಬೇಕು. ಗಣಿತದ ಮೇಷ್ಟರಿಗೇ ಹೋಮ್‌ವರ್ಕ್. ಚೌಕ ಖಾಲಿ ಉಳಿದರೆ ಅವಳ ಹುಬ್ಬು ಮೇಲೇರುತ್ತಿತ್ತು. ಆ ಹುಬ್ಬು ನೋಡಲೆಂದೇ ಒಂದೆರಡು ಖಾಲಿ ಬಿಡುತ್ತಿದ್ದರೋ ಏನೋ.

ಎರಡು ವಾರದ ಪುಟ ನೋಡಿದ ಡಾಕ್ಟರು, ಒಂದೊಂದು ಸಲದ ಮಾತ್ರೆ ಕಡಿಮೆ ಮಾಡಿ, ದಿನಕ್ಕೆ ಹೆಚ್ಚು ಸಲ ಹಂಚಿ ಕೊಟ್ಟರು. ತೂಗಾಟ ನಿಲ್ಲಲಿಲ್ಲ, ಇಳಿಯಿತು.

ವೇದಿಕೆಯ ಮೇಲೆ ಹೆಗಲು ತೂಗಿತು. ಕೋಟು ಎಲ್ಲೂ ಹಿಡಿಯಲಿಲ್ಲ, ಜಗ್ಗಲಿಲ್ಲ. ಮೊದಲ ಸಾಲಿನಲ್ಲಿ ಕೂತ ಅವಳನ್ನೇ ನೋಡುತ್ತಾ ಮೇಷ್ಟರು ಮಾತು ಮುಗಿಸಿದರು.

ಮರುದಿನ ಬಂದು ಅಳತೆ ಪುಸ್ತಕ ತಿರುವಿದರು. ಬಟ್ಟೆ ಒಪ್ಪಿಸಿದೊಡನೆ ಪುಟಕ್ಕೆ ಅಡ್ಡಗೆರೆ ಎಳೆಯುವುದು ಅವಳ ರೂಢಿ. ತಮ್ಮ ಪುಟಕ್ಕೆ ಗೆರೆ ಬಿದ್ದಿರಲಿಲ್ಲ. ಮರೆತಿರಾ ಎಂದು ಕೇಳಿದರು.

ಅವಳು ಸೂಜಿಗೆ ದಾರ ಪೋಣಿಸುತ್ತಾ, ತಲೆ ಎತ್ತದೆ ಹೇಳಿದಳು: "ಕೋಟು ಕೊಟ್ಟೆ. ಅದರೊಳಗಿನ ಆಳನ್ನ ಬಿಟ್ಟುಕೊಡೋ ಯೋಚನೆ ಇಲ್ಲ."

ಮೇಷ್ಟರು ಪೆನ್ಸಿಲ್ ಎತ್ತಿಕೊಂಡರು. ಹೊಸ ಪುಟ ತೆಗೆದು, ತೂಗುವ ಕೈಯಿಂದಲೇ ಬರುವ ತಿಂಗಳಿನ ಚೌಕ ಹಾಕತೊಡಗಿದರು. ಗೆರೆ ಸೊಟ್ಟಗೆ ಬಂತು. ಅವಳು ಸ್ಕೇಲು ಕೊಡಲಿಲ್ಲ. ಬೆಂಚಿನ ಮೇಲೆ ಸರಿದು, ಪಕ್ಕದಲ್ಲಿ ಜಾಗ ಬಿಟ್ಟಳು.