ಪರದೆಯ ಮೇಲೆ ಒಂದು ಬೆಳ್ಳಕ್ಕಿ

“ಅಯ್ಯ ಕಾಕಾರ! ಅದರ ಗೋಣು ಮುರದ್ರಲ್ಲರಿ!”

ಶೋಭಾ ಎರಡೂ ಕೈಗಳಿಂದ ಕಣ್ಣು ಮುಚ್ಚಿಕೊಂಡಳು. ಭಕ್ತಿಯೂ ಹೌಹಾರಿದಳು. ಪ್ರತೀಕ ಕಾಕಾ ಲ್ಯಾಪ್‌ಟಾಪಿನ ಪರದೆಯನ್ನು ಎರಡೂ ಕೈಯಲ್ಲಿ ಹಿಡಿದು, ಮುಂದಿದ್ದ ಮುಖವನ್ನು ಪೂರಾ ಹಿಂದಕ್ಕೆ ತಿರುಗಿಸಿಬಿಟ್ಟಿದ್ದ!

“ಮುರದಿಲ್ಲವಾ. ಇದನ್ನ ಮಾಡಿದ್ದ ಹಂಗ,” ಎಂದು ನಗುತ್ತ ಕಾಕಾ ಆ ಪರದೆಯನ್ನು ಹಾಗೇ ಕೀಲಿಮಣೆಯ ಮೇಲೆ ಅಂಗಾತ ಮಲಗಿಸಿದ. ಟಕ್ ಎಂದು ಸದ್ದಾಯಿತು. ಈಗ ನೋಡಿದರೆ ಅಲ್ಲಿ ಲ್ಯಾಪ್‌ಟಾಪೇ ಇಲ್ಲ. ಚಿಕ್ಕ ಮಕ್ಕಳು ಬಳಪದಿಂದ ಬರೆಯುತ್ತಾರಲ್ಲ, ಅಂಥ ಒಂದು ಪಾಟಿ ಇತ್ತು. ಸ್ವಲ್ಪ ದಪ್ಪ ಪಾಟಿ, ಒಳಗಿನಿಂದ ಬೆಳಕು ಬರುವ ಪಾಟಿ.

ಪ್ರತೀಕ ಕಾಕಾ ಭಕ್ತಿಯ ಅಪ್ಪನ ತಮ್ಮ. ಅವನಿಗೆ ಬೆಳಗಾವಿಯ ಒಂದು ಪತ್ರಿಕೆಯಲ್ಲಿ ಕೆಲಸ. ಹೊಸ ಕಂಪ್ಯೂಟರು, ಹೊಸ ಕ್ಯಾಮೆರಾ ಬಂದರೆ ಕಂಪನಿಯವರು ಅವನ ಕೈಗೆ ಕೆಲವು ದಿನ ಕೊಡುತ್ತಾರೆ. ಅವನು ಬಳಸಿ ನೋಡಿ, ಯಾವುದು ಚಂದ, ಯಾವುದು ಚಂದವಿಲ್ಲ ಎಂದು ಬರೆಯಬೇಕು. ಆಮೇಲೆ ಸುಮ್ಮನೆ ವಾಪಸ್ ಕೊಡಬೇಕು. ಈ ಸಲ ಗೌರಿ ಹುಣ್ಣಿಮೆಗೆ ತನ್ನ ಊರು ಮೂಡಲಗಿಗೆ ಬರುವಾಗ ಇದನ್ನು ಬೆನ್ನಿಗೆ ಹಾಕಿಕೊಂಡು ಬಂದಿದ್ದ.

“ಚಿತ್ರಾ ತಗಿಯೋರಿಗೆ, ಮನಿ ನಕ್ಷಾ ಹಾಕೋರಿಗೆ ಅಂತನ ಮಾಡಿದ್ದು ಇದು. ಭಾಳ ತುಟ್ಟಿ ಮಾಲು,” ಎಂದ ಕಾಕಾ. “ನನಗ ನೋಡಿದ್ರ ಒಂದ್ ಬದನಿಕಾಯಿ ಸೈತ ತಗಿಯಾಕ ಬರಂಗಿಲ್ಲ. ಇನ್ನ ರಿವ್ಯೂ ಏನ್ ಬರೀಲಿ? ಅದಕ್ಕ ನೀನ ನನ್ನ ಆರ್ಟಿಸ್ಟ್, ಭಕ್ತಿ.”

ಆರ್ಟಿಸ್ಟ್! ಐದನೆಯ ತರಗತಿಯ ಭಕ್ತಿಯನ್ನು ಯಾರೂ ಹಾಗೆ ಕರೆದಿರಲಿಲ್ಲ. ಅವಳು ಕುಳಿತಲ್ಲೇ ಒಂದು ಗೇಣು ಎತ್ತರವಾದಳು.

“ಆದ್ರ ಖರೆ ಹೇಳಬೇಕ ಮತ್ತ. ನಿಮ್ಮ ಕಾಕಾ ತಂದಾನ ಅಂತ ಸುಮ್ನ ಹೊಗಳಬ್ಯಾಡ.”

“ಖರೇನ ಹೇಳ್ತೀನಿ ತಗೋ,” ಎಂದಳು ಭಕ್ತಿ.

ಬಾಜೂ ಮನೆಯ ಶೋಭಾ ಅಲ್ಲಿಗೆ ಬಂದದ್ದು ಲ್ಯಾಪ್‌ಟಾಪ್ ನೋಡಲು ಅಲ್ಲ, ಹುಣ್ಣಿಮೆಯ ಸಕ್ಕರೆ ಗೊಂಬೆ ಕೊಡಲು. ತಟ್ಟೆಯಲ್ಲಿ ಆನೆ, ಕುದುರೆ, ಒಂಟೆ, ಹೂವು, ಗೋಪುರ ಎಲ್ಲ ಇದ್ದವು. ಕೊಡುವ ಕೆಲಸ ಮುಗಿಯುವ ಮೊದಲೇ ಅವಳೇ ಒಂದು ಕುದುರೆ ಎತ್ತಿ ಕಟುಂ ಎಂದು ತಲೆ ಕಡಿದಿದ್ದಳು.

ಭಕ್ತಿಯ ಕೈ ಆನೆಯ ಕಡೆ ಹೋಯಿತು. ಅಷ್ಟರಲ್ಲಿ ಅಡುಗೆಮನೆಯ ಬಾಗಿಲಲ್ಲಿ ಆಯಿ ಕಾಣಿಸಿಕೊಂಡಳು. ಅಜ್ಜಿ ಕಮಲವ್ವನನ್ನು ಭಕ್ತಿ ಕರೆಯುವುದು ಆಯಿ ಎಂದು.

“ಹೂವಿಂದು ತಿನ್ನವಾ. ಆನಿ ಬ್ಯಾಡ.”

“ಆಯಿ, ಅದು ಸಕ್ಕರಿದರಿ!” ಎಂದಳು ಶೋಭಾ, ಬಾಯಿತುಂಬ ಕುದುರೆ ಇಟ್ಟುಕೊಂಡು.

“ಸಕ್ಕರಿದ ಖರೆ. ಆದ್ರ ಆನಿ ಅಂತ ತಿಳದ ಕಡದಿ ಅಂದ್ರ, ಮನಸಿನ್ಯಾಗ ಆನೀನ ಕಡದಂಗ ಆತಲ್ಲ. ನಮ್ಮ ಜೈನರ ಮನ್ಯಾಗ ತಿನ್ನಂಗಿಲ್ಲವಾ.”

ಶೋಭಾಗೆ ಇದು ಗೊತ್ತಿಲ್ಲದ್ದೇನಲ್ಲ. ಪ್ರತಿವರ್ಷ ಭಕ್ತಿಯ ಪಾಲಿನ ಆನೆ ಒಂಟೆಗಳು ಗೋಡೆಯ ಗೂಡಿನಲ್ಲಿ ಸಾಲಾಗಿ ನಿಂತು, ಕಡೆಗೆ ಇರುವೆಗಳ ಪಾಲಾಗುತ್ತಿದ್ದವು. ಭಕ್ತಿ ಹೂವು ತಿಂದಳು. ರುಚಿ ಅದೇ, ಆದರೂ ಆನೆಯದ್ದು ಸ್ವಲ್ಪ ಹೆಚ್ಚು ಸಿಹಿ ಇರಬಹುದು ಎಂದು ಅವಳಿಗೆ ಯಾವಾಗಲೂ ಅನುಮಾನ.

ಕೈ ತೊಳೆದುಕೊಂಡು ಬಂದ ಮೇಲೆ ಕಾಕಾ ಅವಳಿಗೆ ಪೆನ್ನು ಕೊಟ್ಟ. ಅದರಲ್ಲಿ ಶಾಯಿ ಇಲ್ಲ, ಸೀಸ ಇಲ್ಲ. ಮೆಲ್ಲಗೆ ಎಳೆದರೆ ಕೂದಲಿನಷ್ಟು ತೆಳು ಗೆರೆ, ಒತ್ತಿ ಎಳೆದರೆ ಬೆರಳಿನಷ್ಟು ದಪ್ಪ ಗೆರೆ. ಪರದೆಯ ಮೂಲೆಯಲ್ಲಿ ಬಣ್ಣಗಳ ಚೌಕಗಳಿದ್ದವು. ಪೆನ್ನಿನ ತುದಿಯನ್ನು ಅಲ್ಲಿ ತಾಗಿಸಿದರೆ ಸಾಕು, ಆ ಬಣ್ಣ ಬರುತ್ತಿತ್ತು. ತೊಳೆಯುವುದಿಲ್ಲ, ಒಣಗಿಸುವುದಿಲ್ಲ, ಫ್ರಾಕಿಗೆ ಮೆತ್ತುವುದಿಲ್ಲ.

“ಪೆನ್ನು ತಲಿಕೆಳಗ ಮಾಡಿ ತಿಕ್ಕಿದ್ರ ರಬ್ಬರ್,” ಎಂದ ಕಾಕಾ. ಆದರೆ ಅಳಿಸುವುದು ಯಾರಿಗೆ ಬೇಕಾಗಿತ್ತು? ಭಕ್ತಿ ಗೆರೆ ಎಳೆಯುವುದರಲ್ಲೇ ಮುಳುಗಿ ಹೋಗಿದ್ದಳು.

ಮರುದಿನ ಬೆಳಿಗ್ಗೆ ಇಬ್ಬರೂ ಲ್ಯಾಪ್‌ಟಾಪ್ ತೆಗೆದುಕೊಂಡು ತೋಟಕ್ಕೆ ಹೋದರು. ಬಯಲಿನಲ್ಲಿ ಅದು ಹೇಗೆ ಕೆಲಸ ಮಾಡುತ್ತದೆ, ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ ಎಂದು ಕಾಕಾನಿಗೆ ನೋಡಬೇಕಾಗಿತ್ತು.

ಬಿಸಿಲಿಗೆ ಹಿಡಿದರೆ ಪರದೆಯಲ್ಲಿ ಏನೂ ಕಾಣಲಿಲ್ಲ. ಭಕ್ತಿಗೆ ಅವಳ ಮುಖವೇ ಕಂಡಿತು.

“ಕಾಕಾ, ಇದು ಕನ್ನಡಿ ಆಗೇತಿ. ಬರಕೋ.”

“ಬರಕೊಂಡೆ.”

ಬಾವಿಯ ಹತ್ತಿರದ ಬೇವಿನ ಮರದ ಕೆಳಗೆ ನೆರಳಿನಲ್ಲಿ ಕುಳಿತರು. ಎದುರಿಗೆ ಎಳೆಯ ಕಬ್ಬಿಗೆ ನೀರು ಹಾಯುತ್ತಿತ್ತು. ನೀರು ಹೋದಲ್ಲೆಲ್ಲ ಬೆಳ್ಳಕ್ಕಿಗಳು ಅದರ ಹಿಂದೆ ಹಿಂದೆ ನಡೆಯುತ್ತಿದ್ದವು. ಒಂದು ಬೆಳ್ಳಕ್ಕಿ ಮಾತ್ರ ಬದುವಿನ ಮೇಲೆ ಒಬ್ಬಂಟಿಯಾಗಿ ನಿಂತಿತ್ತು. ಅದಕ್ಕೆ ಹುಳದ ಚಿಂತೆಯೇ ಇದ್ದಂತಿರಲಿಲ್ಲ. ಸುಮ್ಮನೆ ನಿಂತಿತ್ತು, ಅಷ್ಟೇ.

ಅದನ್ನೇ ಬರೆಯಬೇಕು ಅನ್ನಿಸಿತು ಭಕ್ತಿಗೆ. ಪೆನ್ನು ಎತ್ತಿದವಳು ಹಾಗೇ ಕೈ ತಡೆದಳು.

“ಕಾಕಾ, ಹಾಳಿನೂ ಬೆಳ್ಳಗ ಐತಿ, ಹಕ್ಕಿನೂ ಬೆಳ್ಳಗ ಐತಿ. ಹೆಂಗ ತಗೀಲಿ?”

“ಅದು ಆರ್ಟಿಸ್ಟರ ತ್ರಾಸು. ನನ್ನ ಕೇಳಬ್ಯಾಡ,” ಎಂದು ಕಾಕಾ ಬೇವಿನ ಬುಡಕ್ಕೆ ಒರಗಿ ಕಣ್ಣು ಮುಚ್ಚಿದ.

ಭಕ್ತಿ ಬೆಳ್ಳಕ್ಕಿಯನ್ನು ನೋಡಿದಳು. ತುಂಬ ಹೊತ್ತು ನೋಡಿದಳು. ನೀರಿನ ಸದ್ದು ಜುಳುಜುಳು ಎನ್ನುತ್ತಿತ್ತು, ಕಬ್ಬಿನ ಗರಿಗಳು ತೂಗುತ್ತಿದ್ದವು. ನೋಡುತ್ತ ನೋಡುತ್ತ ಅವಳಿಗೆ ಎಲ್ಲವೂ ಹಸಿರಾಗಿ, ಹಸಿರಿನ ನಡುವೆ ಹಕ್ಕಿಯಾಕಾರದ ಒಂದು ಖಾಲಿ ಜಾಗ ಮಾತ್ರ ಉಳಿದಂತೆ ಕಂಡಿತು.

ಹಾಗಾದರೆ ಹಕ್ಕಿಯನ್ನು ಬರೆಯಬೇಕಾಗಿಯೇ ಇಲ್ಲ!

ಅವಳು ಹಸಿರು ಬಣ್ಣ ತೆಗೆದುಕೊಂಡಳು. ಒಂದು ಗರಿ, ಇನ್ನೊಂದು ಗರಿ, ಕಡು ಹಸಿರು, ಎಳೆ ಹಸಿರು. ಅಂಚಿನಿಂದ ಬರೆಯುತ್ತ ಬರೆಯುತ್ತ ನಡುವೆ ಬಂದಳು. ಕುತ್ತಿಗೆಯ ಬಳಿ ಉಸಿರು ಬಿಗಿಹಿಡಿದು ಹಸಿರನ್ನು ಬಳುಕಿಸಿದಳು. ಬಿಳಿಯನ್ನು ಮುಟ್ಟಲೇ ಇಲ್ಲ. ಕೊನೆಗೆ ನೋಡಿದರೆ ಕಬ್ಬಿನ ನಡುವೆ ಒಂದು ಬೆಳ್ಳಕ್ಕಿ ತಾನಾಗಿಯೇ ಬಂದು ನಿಂತಿತ್ತು.

ಆಮೇಲೆ ಹಳದಿ ಕೊಕ್ಕು ಇಟ್ಟಳು. ಎರಡು ಕಪ್ಪು ಕಾಲು ಇಟ್ಟಳು. ಎಲ್ಲ ಆದ ಮೇಲೆ ಪೆನ್ನಿನ ತುದಿಯಿಂದ ಒಂದೇ ಒಂದು ಚುಕ್ಕಿ, ಕಣ್ಣು.

ಕಣ್ಣು ಇಟ್ಟ ಕೂಡಲೇ ಹಕ್ಕಿ ಅವಳನ್ನು ನೋಡಿತು. ಭಕ್ತಿಗೆ ಮೈ ಜುಮ್ಮೆಂದಿತು. ಬದುವಿನ ಮೇಲಿದ್ದ ಬೆಳ್ಳಕ್ಕಿ ಅಷ್ಟರಲ್ಲಿ ಹಾರಿಹೋಗಿತ್ತು. ಇದು ಹೋಗಲಿಲ್ಲ. ಅವಳ ತೊಡೆಯ ಮೇಲೆಯೇ ನಿಂತಿತ್ತು.

“ನನ್ನ ಬಂಗಾರ,” ಎಂದಳು ಅವಳು, ಕಾಕಾನಿಗೆ ಕೇಳದಂತೆ.

ಆ ದಿನವೆಲ್ಲ ಭಕ್ತಿ ನಡೆದಾಡಿದ್ದು ನೆಲದ ಮೇಲೋ ಕಬ್ಬಿನ ಗರಿಗಳ ಮೇಲೋ ಅವಳಿಗೇ ಗೊತ್ತಿಲ್ಲ. ಆಯಿ ಎರಡು ಸಲ ಕರೆದರೆ ಮೂರನೆಯ ಸಲಕ್ಕೆ ಹೂಂ ಎನ್ನುತ್ತಿದ್ದಳು. ಕಾಕಾ ಕೇಳಿದ್ದಕ್ಕೆಲ್ಲ ಮಾತ್ರ ಖರೇನೇ ಹೇಳಿದಳು. ತೊಡೆ ಬಿಸಿಯಾಗುತ್ತದೆ, ಭಾರ ಬಹಳ. ಜೋರಾಗಿ ಎಳೆದರೆ ಗೆರೆ ಪೆನ್ನಿನ ಜೊತೆಗೆ ಬರುವುದಿಲ್ಲ, ತಾಯಿಯ ಹಿಂದೆ ಓಡುವ ಕರುವಿನ ಹಾಗೆ ಸ್ವಲ್ಪ ತಡವಾಗಿ ಬರುತ್ತದೆ. ಕಾಕಾ ಇದನ್ನು ಕೇಳಿ, “ವಾ!” ಎಂದು ಅವಳ ಮಾತನ್ನೇ ಬರೆದುಕೊಂಡ.

ಸಂಜೆ ಹೊತ್ತು ಮುಳುಗುವ ಮೊದಲೇ ಎಂದಿನಂತೆ ಊಟ ಮುಗಿಯಿತು. ಕಾಕಾ ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ತೆರೆದ.

“ನಾಳೆ ಮುಂಜಾನಿ ಗಾಡಿಗೆ ಹೋಗಬೇಕವಾ. ಹೆಂಗ ಕೊಟ್ಟಾರ ಹಂಗ, ಎಲ್ಲಾ ಅಳಿಸಿ ಸ್ವಚ್ಛ ಮಾಡಿ ಕೊಡಬೇಕ. ಮತ್ತ ಆ ರಬ್ಬರ್ ಒಂದ್ ನೋಡೂದು ಉಳದೈತಿ. ಎರಡೂ ಕೂಡೇ ಆಗ್ತಾವ.”

ಅವನು ಪೆನ್ನನ್ನು ತಲೆಕೆಳಗು ಮಾಡಿದ. ಬೆಳ್ಳಕ್ಕಿಯ ಕುತ್ತಿಗೆಯ ಹತ್ತಿರ ತಂದ.

“ಬ್ಯಾಡ!”

ಭಕ್ತಿ ಕೂಗಿದ ರಭಸಕ್ಕೆ ಕಾಕಾನ ಕೈಯಿಂದ ಪೆನ್ನೇ ಜಾರಿಬಿತ್ತು. ಅವಳು ಲ್ಯಾಪ್‌ಟಾಪನ್ನು ಎಳೆದುಕೊಂಡು ಎದೆಗೆ ಅವುಚಿ ಹಿಡಿದಳು.

“ಏ, ಏನಾತ? ಪ್ರಿಂಟ್ ತಗದು ಕೊಡ್ತೀನಿ ನಿನಗ. ಗ್ವಾಡಿಗೆ ಹಚ್ಚಕೋ.”

“ಅಜ್ಜನ ಫೋಟೋನೂ ಗ್ವಾಡಿ ಮ್ಯಾಲ ಐತಿ,” ಎಂದಳು ಭಕ್ತಿ. “ಅಜ್ಜ ಎಲ್ಲಿ ಅದಾನ?”

ತೀರಿಹೋದ ಆ ಅಜ್ಜ ಎಂದರೆ ಕಾಕಾನ ಅಪ್ಪ. ಕಾಕಾ ಆಯಿಯ ಕಡೆ ತಿರುಗಿದ.

“ಅವ್ವಾ, ನೀನರ ಹೇಳ ಇಕಿಗೆ. ಇದು ಬರೇ ಬೆಳಕು. ದೀಪ ಆರಿಸಿದಂಗ. ಇದರಾಗ ಪಾಪ ಎಲ್ಲಿಂದ ಬಂತು?”

ಆಯಿ ಚಾಳೀಸು ಒರೆಸಿ ಕಣ್ಣಿಗೆ ಹಾಕಿಕೊಂಡು ಹತ್ತಿರ ಬಂದಳು. ಬಾಗಿ ನೋಡಿದಳು. ಬೆಳ್ಳಕ್ಕಿಯೂ ಅವಳನ್ನು ನೋಡಿತು.

“ಕಣ್ಣು ಇಟ್ಟಾಳಲ್ಲೋ,” ಎಂದಳು ಮೆಲ್ಲಗೆ. “ನಾ ಏನ್ ಹೇಳ್ಲಿ? ತಗದಾಕಿಗೆ ಗೊತ್ತು.”

ಕಾಕಾ ತಲೆ ಕೆರೆದುಕೊಂಡ. “ಆತು ಬಿಡು. ನಾ ಅಳಸಂಗಿಲ್ಲ. ಹಿಂಗ ಒಯ್ದು ಕೊಡ್ತೀನಿ.”

ಭಕ್ತಿಯ ಮುಖ ಅರಳಿತು. ಆಮೇಲೆ ಅನುಮಾನ ಬಂತು. “ಕೊಟ್ಟ ಮ್ಯಾಲ?”

ಕಾಕಾ ಸುಳ್ಳು ಹೇಳಬಹುದಾಗಿತ್ತು. ಆದರೆ ಅವನೇ ಅವಳಿಂದ ಖರೆ ಮಾತು ಕೇಳಿ ಕೇಳಿ ಬರೆದುಕೊಂಡಿದ್ದನಲ್ಲ.

“ಕಂಪನ್ಯಾಗ ಯಾರೋ ಒಬ್ಬರು ಒಂದ್ ಬಟನ್ ಒತ್ತತಾರ. ಎಲ್ಲಾ ಒಮ್ಮೆಲೆ ಹೋಗತೈತಿ. ಅವರು ತಗದು ನೋಡೂದೂ ಇಲ್ಲವಾ.”

ಭಕ್ತಿ ಲ್ಯಾಪ್‌ಟಾಪನ್ನು ನೆಲಕ್ಕಿಟ್ಟು, ಏಣಿ ಹತ್ತಿ ಮಾಳಿಗೆಗೆ ಹೋದಳು. ಅಳು ಬಂದರೆ ಅವಳು ಹೋಗುವುದು ಅಲ್ಲಿಗೇ. ನೋಡದೆಯೇ ಬಟನ್ ಒತ್ತುವ ಆ ಬೆರಳನ್ನು ನೆನೆದು ಅವಳಿಗೆ ಸಂಕಟವಾಯಿತು. ಹಕ್ಕಿ ಆಗ ಯಾರನ್ನು ನೋಡಬೇಕು?

ಹೊತ್ತು ಮುಳುಗುತ್ತಿತ್ತು. ತೋಟಗಳ ಕಡೆಯಿಂದ ಬೆಳ್ಳಕ್ಕಿಗಳು ಸಾಲುಗಟ್ಟಿ ಊರಿನತ್ತ ಬರತೊಡಗಿದವು. ಹಿಂದಿನ ಓಣಿಯ ಹುಣಸೆ ಮರ ಅವುಗಳ ಮನೆ. ಬಂದ ಹಕ್ಕಿಗಳು ಮೊದಲು ಜಗಳವಾಡಿದವು, ನೂಕಾಡಿದವು. ಶಾಲೆಯಲ್ಲಿ ಮಕ್ಕಳು ಬೆಂಚಿಗಾಗಿ ಗುದ್ದಾಡುವುದಿಲ್ಲವೇ, ಹಾಗೇ. ಆಮೇಲೆ ಒಂದೊಂದಾಗಿ ಸುಮ್ಮನಾದವು.

ಭಕ್ತಿ ಮೂಗೊರೆಸಿಕೊಂಡು ನೋಡಿದಳು. ಹತ್ತಿರದ ಕೊಂಬೆಯ ಮೇಲಿನ ಒಂದು ಬೆಳ್ಳಕ್ಕಿ ಕಾಲು ಮಡಚಿ ಕುಳಿತಿತು. ಈಗ ಕಾಲು ಕಾಣಲಿಲ್ಲ. ಕುತ್ತಿಗೆ ಹೊರಳಿಸಿ ರೆಕ್ಕೆಯೊಳಗೆ ಕೊಕ್ಕು ತೂರಿಸಿತು. ಈಗ ಕೊಕ್ಕೂ ಇಲ್ಲ. ಕಣ್ಣು ಮುಚ್ಚಿತೇನೋ, ಅದೂ ಇಲ್ಲ. ಕೊಂಬೆಯ ಮೇಲೆ ಒಂದು ಹಿಡಿ ಬಿಳುಪು ಮಾತ್ರ ಉಳಿಯಿತು.

ಅವಳು ಅದನ್ನೇ ನೋಡುತ್ತ ಸ್ವಲ್ಪ ಹೊತ್ತು ನಿಂತಳು. ಆಮೇಲೆ ಏಣಿ ಇಳಿದು ಬಂದಳು.

“ಕಾಕಾ, ಪೆನ್ನು ಕೊಡು. ರಬ್ಬರ್ ನಾನ ನೋಡ್ತೀನಿ.”

ಪಡಸಾಲೆಯಲ್ಲಿ ಮಬ್ಬು ಕವಿದಿತ್ತು. ಕಾಕಾ ದೀಪ ಹಾಕಲು ಎದ್ದ. ಆಯಿ ಬೇಡ ಎಂದು ಕೈಸನ್ನೆ ಮಾಡಿದಳು. ಪರದೆಯ ಬೆಳಕು ಭಕ್ತಿಯ ಮುಖದ ಮೇಲೆ ಹಸಿರಾಗಿ ಬಿದ್ದಿತ್ತು.

ಅವಳು ಪೆನ್ನನ್ನು ತಲೆಕೆಳಗು ಮಾಡಿ ಹಿಡಿದಳು. ಮೊದಲು ಕಾಲುಗಳ ಮೇಲೆ ಮೆಲ್ಲಗೆ ಸವರಿದಳು.

“ನಿಂತು ನಿಂತು ಸಾಕಾಗೇತಿ. ಕುಂದರು,” ಎಂದಳು.

ಕಾಲು ಮಡಚಿದಂತೆ ಹೋದವು. ಆಮೇಲೆ ಕೊಕ್ಕಿನ ಮೇಲೆ ಸವರಿದಳು. “ರೆಕ್ಕಿ ಒಳಗ ಇಟ್ಟಕೋ. ಬೆಚ್ಚಗ ಇರತೈತಿ.” ಕೊಕ್ಕು ಒಳಗೆ ಹೋಯಿತು.

ಕಣ್ಣು ಉಳಿಯಿತು. ಭಕ್ತಿಯ ಕೈ ಸ್ವಲ್ಪ ಹೊತ್ತು ಗಾಳಿಯಲ್ಲೇ ನಿಂತಿತು. ಹಕ್ಕಿ ಅವಳನ್ನು ನೋಡಿತು, ಅವಳು ಹಕ್ಕಿಯನ್ನು ನೋಡಿದಳು. ಕೂಸನ್ನು ಮಲಗಿಸುವಾಗ ತಾಯಿ ರೆಪ್ಪೆಯ ಮೇಲೆ ಬೆರಳು ಆಡಿಸುತ್ತಾಳಲ್ಲ, ಅಷ್ಟೇ ಹಗುರವಾಗಿ ಅವಳು ಪೆನ್ನು ಆಡಿಸಿದಳು. ಹಕ್ಕಿ ಕಣ್ಣು ಮುಚ್ಚಿತು.

ಇನ್ನು ಕಬ್ಬು. ಅವಳು ದೂರದ ಅಂಚಿನಿಂದ ಹಸಿರನ್ನು ಅಳಿಸುತ್ತ ಬಂದಳು. ಒಂದೊಂದೇ ಗರಿ ಹೋಯಿತು. ಕುತ್ತಿಗೆಯ ಬಳಿಯ ಹಸಿರು ಹೋಯಿತು, ಬೆನ್ನಿನ ಬಳಿಯ ಹಸಿರು ಹೋಯಿತು. ಕೊನೆಯ ಗರಿಯೂ ಹೋದಾಗ ಇಡೀ ಪರದೆ ಬೆಳ್ಳಗೆ ಬೆಳಗಿತು.

ಬೆಳ್ಳಕ್ಕಿ ಎಲ್ಲಿ? ಇಲ್ಲೇ ಎಲ್ಲೋ ಇತ್ತು. ಅದರ ಒಂದು ಪುಕ್ಕದ ಮೇಲೂ ಅವಳು ಪೆನ್ನು ಇಟ್ಟಿರಲಿಲ್ಲ. ಸುತ್ತಲಿನ ಹಸಿರು ಹೋಗಿತ್ತು, ಅಷ್ಟೇ. ಇಷ್ಟು ಬಿಳಿಯಲ್ಲಿ ಯಾವುದು ಹಕ್ಕಿ, ಯಾವುದು ಅಲ್ಲ ಎಂದು ಯಾರು ಹೇಳಬೇಕು? ಭಕ್ತಿಗೆ ಅಳು ಬರಬಹುದು ಅನ್ನಿಸಿತ್ತು, ಬರಲಿಲ್ಲ.

ಆಯಿ ಅವಳ ತಲೆಯ ಮೇಲೆ ಕೈಯಿಟ್ಟಳು.

ಕಾಕಾ ಬರೆದುಕೊಳ್ಳಲು ಅಣಿಯಾದ. “ಹೆಂಗೈತಿ ರಬ್ಬರ್, ಆರ್ಟಿಸ್ಟರ?”

ಭಕ್ತಿ ತುಟಿಯ ಮೇಲೆ ಬೆರಳಿಟ್ಟು ಅವನ ಕಡೆ ನೋಡಿದಳು.

“ಚಲೋ ಐತಿ,” ಎಂದಳು ಪಿಸುದನಿಯಲ್ಲಿ. “ಸಪ್ಪಳ ಆಗಂಗಿಲ್ಲ.”

ಕಾಕಾನೂ ದನಿ ತಗ್ಗಿಸಿದ. “ಹಂಗ ಬರೀತೀನಿ,” ಎಂದ.