ನಾಲ್ಕು ಬೆರಳು ಮೋಟಾದ ಶಾಫ್ಟು

ದಿಲ್‌ಶಾದ್ ಬೇಗಂ ನಂಜಣ್ಣನ ಜಗಲಿಗೆ ಬಂದಾಗ ನಾನು ಅಲ್ಲೇ ಕೂತಿದ್ದೆ. ಹುಣಸೂರಿನ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದ ನನಗೆ ಆ ದಿನ ಯಾರ ಮುಖವನ್ನೂ ನೋಡುವ ಮನಸ್ಸಿರಲಿಲ್ಲ. ಹಿಂದಿನ ದಿನ ಈ ಕೈಯಲ್ಲೇ ಎರಡು ಹೆಣ ಒರೆಸಿದ್ದೆ. ಒಂದು ಹನಗೋಡಿನ ಸಣ್ಣಬೀರಯ್ಯನದು, ಇನ್ನೊಂದು ಅವನ ತಮ್ಮ ದಾಸಯ್ಯನ ಮಗಳು ಪುಟ್ಟಸಿದ್ದಮ್ಮನದು. ಹುಡುಗಿಗೆ ಎಂಟು ವರ್ಷವಿದ್ದೀತು. ಜಡೆಯಲ್ಲಿ ಮುಡಿದಿದ್ದ ಕನಕಾಂಬರ ಹಾಗೇ ಇತ್ತು. ಇಬ್ಬರನ್ನೂ ಕೊಂದವನು ಬೇಗಂಳ ಗಂಡ, ಗ್ಯಾರೇಜಿನ ಫಕ್ರುದ್ದೀನ್ ಎಂದು ಊರೆಲ್ಲ ಹೇಳುತ್ತಿತ್ತು. ನಾನೂ ಹಾಗೇ ನಂಬಿ ಹಲ್ಲು ಕಚ್ಚಿ ಕೂತಿದ್ದೆ.

"ಅವ್ರು ಲಾಕಪ್‌ನಲ್ಲಿ ಅನ್ನ ಮುಟ್ತಾ ಇಲ್ಲ, ಜಮೇದಾರ್ರೆ," ಎಂದಳು ಬೇಗಂ. "ಅಳತೆ ತಪ್ಪಿಲ್ಲ ಅಂತ ಖುರಾನ್ ಮುಟ್ಟಿ ಹೇಳ್ತಾರೆ. ಇನ್ಸ್‌ಪೆಕ್ಟರ್ ಸಾಹೇಬ್ರು ಕೇಳ್ತಾ ಇಲ್ಲ. ನೀವೊಬ್ರು ಕೇಳಿ."

ನಂಜಣ್ಣ ಪೊಲೀಸಿನಲ್ಲಿ ಜಮೇದಾರನಾಗಿದ್ದು ನಿವೃತ್ತನಾದವನು. ಆದರೂ ಊರಿನಲ್ಲಿ ಬಿಡಿಸಲಾಗದ ಗಂಟು ಬಿದ್ದರೆ ಜನ ಅವನ ಜಗಲಿಗೇ ಬರುತ್ತಿದ್ದರು. ಅವನು ಒಂದು ಚಿಟಿಕೆ ನಶ್ಯ ಏರಿಸಿ, ಎದ್ದು ಪೇಟ ಸುತ್ತಿಕೊಂಡ. ನನಗೆ ಸಿಟ್ಟು ಬಂತು. ಆ ಮಗುವನ್ನು ನೀನು ನೋಡಿಲ್ಲ ಎಂದೆ. "ಅದಕ್ಕೇ ನಿನ್ನ ಕರೀತಿರೋದು. ಬಾ," ಎಂದ.

ಲಾಕಪ್ಪಿನಲ್ಲಿ ಫಕ್ರುದ್ದೀನ್ ನಡೆದದ್ದನ್ನು ಹೇಳಿದ. ಸಣ್ಣಬೀರಯ್ಯನ ಬಾಡಿಗೆ ಕಾರಿನ ಗೇರ್ ಬಾಕ್ಸು ಪುಡಿಯಾಗಿತ್ತು. ಅಂಥದ್ದೇ ಇನ್ನೊಂದು ಸಿಗಲಿಲ್ಲ. ಮೈಸೂರಿನ ಗುಜರಿಯಿಂದ ಬೇರೆ ಜಾತಿಯದೊಂದು ತಂದರು. ಅದು ಹಳೆಯದಕ್ಕಿಂತ ನಾಲ್ಕು ಬೆರಳು ಗಿಡ್ಡ. ಹಾಗಾಗಿ ಗೇರ್ ಬಾಕ್ಸಿನಿಂದ ಹಿಂದಿನ ಚಕ್ರಕ್ಕೆ ತಿರುಗುವಿಕೆ ಒಯ್ಯುವ ಶಾಫ್ಟು ನಾಲ್ಕು ಬೆರಳು ಉದ್ದವಾಗಬೇಕಿತ್ತು. ಅವನು ಕಾರನ್ನು ನೆಲದ ಮೇಲೆ ನಿಲ್ಲಿಸಿ, ಜನ ಕೂರುವಷ್ಟು ಭಾರಕ್ಕೆ ರಾಗಿ ಮೂಟೆ ಹೇರಿ, ಬಿದಿರ ದಬ್ಬೆಯಲ್ಲಿ ಅಳತೆ ಹಿಡಿದು ಹೊಸ ಶಾಫ್ಟು ಮಾಡಿಸಿದ್ದ. ದಬ್ಬೆಯ ಇನ್ನೊಂದು ತುದಿ ಹಿಡಿದವನು ದಾಸಯ್ಯನೇ. ಯಾಕೆ ಮೂಟೆ ಎಂದು ದಾಸಯ್ಯ ಕೇಳಿದಾಗ, ಅಳತೆ ಮೋಟಾದರೆ ಏನಾಗುತ್ತದೆಂದು ಫಕ್ರುದ್ದೀನ್ ವಿವರವಾಗಿ ಹೇಳಿದ್ದನಂತೆ.

ಸಂಜೆ ಫಕ್ರುದ್ದೀನ್ ತಾನೇ ಕಾರು ಓಡಿಸಿಕೊಂಡು ಹನಗೋಡಿಗೆ ಹೋಗಿ ಬಿಟ್ಟುಬಂದ. ಬಿಚ್ಚಿದ ಹಳೆಯ ಸಾಮಾನನ್ನು ಗೋಣಿಯಲ್ಲಿ ಕಟ್ಟಿ ಯಜಮಾನರಿಗೆ ಒಪ್ಪಿಸುವುದು ಗ್ಯಾರೇಜಿನ ಪದ್ಧತಿ. ಹಳೆಯ ಗೇರ್ ಬಾಕ್ಸು, ಶಾಫ್ಟು ಇದ್ದ ಆ ಗೋಣಿಯನ್ನು ಇಳಿಸಿಕೊಂಡವನೂ ದಾಸಯ್ಯ. ಮರುದಿನ ಬೆಳಿಗ್ಗೆ ಸಣ್ಣಬೀರಯ್ಯ ಪಕ್ಕದ ತಾಲ್ಲೂಕಿನ ಕೋಟೆ ಊರಿಗೆ ಹೊರಟ. ಹಳ್ಳದ ಇಳಿಜಾರಿನಲ್ಲಿ ಶಾಫ್ಟಿನ ಮುಂದಿನ ತುದಿ ಕಳಚಿ ಬಿದ್ದು, ಗಿರಗಿರನೆ ತಿರುಗಿ ಬ್ರೇಕಿನ ಸಲಾಕೆಗಳನ್ನು ಮುರಿದುಹಾಕಿತು. ಕಾರು ಬಂಡೆಗೆ ಬಡಿಯಿತು.

ಇನ್ಸ್‌ಪೆಕ್ಟರ ವಾದವೂ ಹುರುಳಿಲ್ಲದ್ದೇನಲ್ಲ. ಕಾರಿನಡಿ ಸಿಕ್ಕಿದ್ದು ನಾಲ್ಕು ಬೆರಳು ಮೋಟಾದ ಹಳೆಯ ಶಾಫ್ಟೇ. ಗೋಣಿಯಲ್ಲಿ ಗೇರ್ ಬಾಕ್ಸು ಮಾತ್ರ ಇತ್ತೆಂದು ದಾಸಯ್ಯ ಬರೆಸಿದ್ದ. ಅಂದಮೇಲೆ ಫಕ್ರುದ್ದೀನ್ ಹೊಸದರ ಹೆಸರು ಹೇಳಿ ಹಳೆಯದನ್ನೇ ಸಿಕ್ಕಿಸಿ ಕಳಿಸಿದ್ದಾನೆ ಎಂಬುದು ಅವರ ಲೆಕ್ಕ. ಮಗಳನ್ನೇ ಕಳೆದುಕೊಂಡ ಅಪ್ಪ ಯಾಕೆ ಸುಳ್ಳು ಹೇಳುತ್ತಾನೆ?

ಠಾಣೆಯ ಅಂಗಳಕ್ಕೆ ಎಳೆತಂದಿದ್ದ ಕಾರಿನ ಮೂತಿ ಜಜ್ಜಿಹೋಗಿತ್ತು, ಗೇರ್ ಬಾಕ್ಸಿನಿಂದ ಹಿಂದಕ್ಕೆ ಮಾತ್ರ ನೆಟ್ಟಗಿತ್ತು. ನಂಜಣ್ಣ ಆ ಶಾಫ್ಟಿನ ಮುಂದಿನ ತುದಿಯ ಹಲ್ಲುಗಳ ಸಂದಿಯಿಂದ ಕರ್ರನೆಯ ಜಿಡ್ಡನ್ನು ಉಗುರಲ್ಲಿ ಕೆರೆದು ನನ್ನ ಮೂಗಿಗೆ ಹಿಡಿದ. ನಶ್ಯ ಏರಿಸಿ ಏರಿಸಿ ಅವನ ಮೂಗು ಸತ್ತು ಎಷ್ಟೋ ಕಾಲವಾಗಿತ್ತು. ದಿನವೂ ಅದನ್ನೇ ಭೇದಿಮದ್ದಾಗಿ ಜನರ ಬಾಯಿಗೆ ಹುಯ್ಯುವವನು ನಾನು, ತಪ್ಪುವುದುಂಟೇ? ಹರಳೆಣ್ಣೆ, ಜೊತೆಗೆ ಸುಟ್ಟ ಹುಲ್ಲಿನ ವಾಸನೆ ಎಂದೆ. ಅವನು ಕೈ ಒರೆಸಿಕೊಂಡು, ಹನಗೋಡಿಗೆ ಹೋಗೋಣ ಎಂದ.

ಅಲ್ಲಿ ಸಣ್ಣಬೀರಯ್ಯನ ಹೆಂಡತಿ ರಾಮಮ್ಮ ಗೋಡೆಗೆ ಒರಗಿ ಕೂತಿದ್ದಳು. ನಂಜಣ್ಣ ಅವಳನ್ನು ಹೆಚ್ಚು ಕೇಳಲಿಲ್ಲ. ಕಾರು ಹೊರಟಮೇಲೆ ಏನಾಯಿತು ಎಂದಷ್ಟೇ ಕೇಳಿದ. ಅಜ್ಜಿ ಮನೆಗೆ ಹೋಗಬೇಕೆಂದು ಹಟ ಹಿಡಿದಿದ್ದ ಹುಡುಗಿ ಕೆರೆ ಏರಿಯ ಹತ್ತಿರ ಕಾದು ನಿಂತು ದೊಡ್ಡಪ್ಪನ ಕಾರು ಹತ್ತಿದ್ದಳಂತೆ. ಏರಿಯ ಕಡೆಯಿಂದ ಬಂದ ರಾಮಮ್ಮ, ಕೊಟ್ಟಿಗೆಯಲ್ಲಿದ್ದ ಮೈದುನನಿಗೆ ಅದನ್ನು ಹೇಳಿದಳು.

"ಅಂದಿದ್ದೇ ತಡ, ಕೈಲಿದ್ದ ಹಗ್ಗ ಬಿಸಾಕಿ ಕೋಟೆ ರಸ್ತೇಲಿ ಓಡ್ದ ಕಣ್ರೀ. ಸುದ್ದಿ ಬಂದಿದ್ದು ಆಮೇಲೆ. ಹೆತ್ತ ಕರುಳು, ಮುಂಚೇನೆ ತಿಳ್ಕಂಡದೆ," ಎಂದು ಅತ್ತಳು.

ನನ್ನ ಕಣ್ಣೂ ಒದ್ದೆಯಾಯಿತು. ನಂಜಣ್ಣ ಮಾತ್ರ ಖಾಲಿ ಕೊಟ್ಟಿಗೆಯನ್ನು ನೋಡುತ್ತ ನಿಂತಿದ್ದ. ಎತ್ತುಗಳೆಲ್ಲಿ ಎಂದು ಕೇಳಿದ. ಮೈದುನ ಗಾಡಿ ಹೊಡೆಯುತ್ತಿದ್ದ ಜೋಡಿಯನ್ನು ಗೇರ್ ಬಾಕ್ಸು ತರಲು ಯಜಮಾನರು ಮಾರಿದರು ಎಂದಳು ರಾಮಮ್ಮ.

ಮರುದಿನ ನಂಜಣ್ಣನ ಕೋರಿಕೆಯಂತೆ ಎಲ್ಲರೂ ಠಾಣೆಯ ಅಂಗಳದಲ್ಲಿ ಸೇರಿದರು. ಇನ್ಸ್‌ಪೆಕ್ಟರು ಕುರ್ಚಿಯಲ್ಲಿ, ಫಕ್ರುದ್ದೀನ್ ಪೇದೆಗಳ ನಡುವೆ, ಬೇಗಂ ಮತ್ತು ರಾಮಮ್ಮ ಮರದಡಿ. ದಾಸಯ್ಯ ತಲೆ ಬೋಳಿಸಿಕೊಂಡು ಕಂಬದಂತೆ ನಿಂತಿದ್ದ.

ಮೊದಲು ಕಾರು ಚಕ್ರಗಳ ಮೇಲೆ ನಿಂತಿರುವಾಗಲೇ ಹಳೆಯ ಶಾಫ್ಟಿನ ಹಿಂದಿನ ತುದಿಗೆ ಬೋಲ್ಟು ಬಿಗಿಸಿದರು. ಮುಂದಿನ ತುದಿ ಗೇರ್ ಬಾಕ್ಸಿನ ಹಲ್ಲುಗಳ ಮೇಲೆ ಉಗುರಿನಷ್ಟು ಮಾತ್ರ ಕಚ್ಚಿತು. ಆಮೇಲೆ ನಂಜಣ್ಣ ಜಾಕಿಯಲ್ಲಿ ಕಾರಿನ ಹಿಂಭಾಗವನ್ನು ಎತ್ತಿಸಿದ. ಚಕ್ರಗಳು ಜೋತುಬಿದ್ದವು. ಅವುಗಳ ಜೊತೆ ಶಾಫ್ಟೂ ಹಿಂದಕ್ಕೆ ಜಗ್ಗಿ, ಮುಂದಿನ ತುದಿ ಕಳಚಿ ದಡ್ಡೆಂದು ನೆಲಕ್ಕೆ ಬಿತ್ತು. ರಾಮಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಸ್ವಾಮಿ, ಗುಂಡಿಗೆ ಇಳಿದಾಗ ಚಕ್ರ ಜೋತು ಬೀಳೋದು ಹೀಗೇ," ಎಂದು ನಂಜಣ್ಣ ಇನ್ಸ್‌ಪೆಕ್ಟರಿಗೆ ಹೇಳಿದ. "ಹುಣಸೂರಿಂದ ಹನಗೋಡಿಗೆ ಎಷ್ಟು ಕಾಲುವೆ ದಾಟಬೇಕು, ತಾವೇ ಬಲ್ಲಿರಿ. ಈ ಶಾಫ್ಟು ಇದ್ದಿದ್ರೆ ಮೊದಲ ಕಾಲುವೇಲೇ ಕಳಚಬೇಕಿತ್ತು. ಸಾಬ್ರು ಕಾರನ್ನ ಊರು ಮುಟ್ಟಿಸಿದ್ದಾರೆ. ಅಂದ್ರೆ ಆಗ ಇದ್ದದ್ದು ಬೇರೆ ಶಾಫ್ಟು. ಹನಗೋಡಿಂದ ಹಳ್ಳದವರೆಗೆ ರಸ್ತೆ ಸಪಾಟು. ಅದಕ್ಕೇ ಇದು ಅಲ್ಲೀವರೆಗೆ ಬಂತು. ಬದಲಾಗಿದ್ದು ಹನಗೋಡಿನ ಆ ಮನೇಲಿ, ಒಂದೇ ರಾತ್ರೀಲಿ."

ಇನ್ಸ್‌ಪೆಕ್ಟರು ಕುರ್ಚಿಯಿಂದ ಎದ್ದರು. ಯಾರು ಬದಲಿಸಿದರು ಎಂದು ಕೇಳಿದರು.

ಹಲ್ಲುಗಳ ಮೇಲೆ ಹಚ್ಚಿದ್ದು ಕೀಲೆಣ್ಣೆ ಎಂದ ನಂಜಣ್ಣ. ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿ ಕಲಸಿ ಗಾಡಿಯ ಅಚ್ಚಿಗೆ ಹಾಕುವ ಎಣ್ಣೆ. ಗ್ಯಾರೇಜಿನಲ್ಲಿ ಡಬ್ಬಿಯ ಗ್ರೀಸ್ ಬಿಟ್ಟು ಬೇರೇನೂ ಇಲ್ಲ. ಕಬ್ಬಿಣ ತಿರುಗುವ ಕಡೆ ಕೀಲೆಣ್ಣೆ ಹಾಕದೆ ಗಾಡಿ ಹೊಡೆಯುವವನ ಕೈ ಸುಮ್ಮನಿರುವುದಿಲ್ಲ, ಕೊಲ್ಲುವುದಕ್ಕೆ ಹೊರಟಾಗಲೂ. ಆ ಮನೆಯಲ್ಲಿ ಗಾಡಿ ಹೊಡೆಯುತ್ತಿದ್ದವನು ಒಬ್ಬನೇ. ಗೋಣಿ ಇಳಿಸಿಕೊಂಡವನೂ ಅವನೇ. ಶಾಫ್ಟು ಮೋಟಾದರೆ ಏನಾಗುತ್ತದೆಂದು ಸಾಬರ ಬಾಯಿಂದಲೇ ಕೇಳಿ ತಿಳಿದಿದ್ದವನೂ ಅವನೇ.

ಎಲ್ಲರ ಕಣ್ಣೂ ದಾಸಯ್ಯನ ಕಡೆ ತಿರುಗಿದವು. ಅವನು ಬಾಯಿಬಿಟ್ಟ.

"ಊ ಕಣ್ರೀ, ನಾನೇಯ. ಸಾಯಿಸಬೇಕು ಅಂತಲ್ಲ. ಕಾರು ಕೆಟ್ಟು ನಿಂತೋಗ್ಲಿ ಅಂತ. ಕರು ಆಗಿದ್ದಾಗ್ನಿಂದ ಸಾಕಿದ ಜೋಡಿ, ನನ್ನ ಒಂದು ಮಾತು ಕೇಳ್ದೆ ಮಾರ್ಬುಟ್ಟ."

"ಕಾರು ನಿಂತೋಗ್ಲಿ ಅಂತಿದ್ರೆ, ಮಗಳು ಹತ್ತಿದಳು ಅಂದಾಗ ಯಾಕೆ ಓಡ್ದೆ, ದಾಸಯ್ಯ?" ಎಂದು ನಂಜಣ್ಣ ಮೆಲ್ಲಗೆ ಕೇಳಿದ.

ದಾಸಯ್ಯ ಪೇದೆಗಳ ಕಡೆ ಎರಡೂ ಕೈ ಚಾಚಿದ. ಹೊಸ ಶಾಫ್ಟನ್ನು ಲಕ್ಷ್ಮಣತೀರ್ಥದ ಮಡುವಿಗೆ ಎಸೆದಿದ್ದಾಗಿ ಒಪ್ಪಿಕೊಂಡ. ಒಬ್ಬ ನಿರಪರಾಧಿಯನ್ನು ಯಾಕೆ ಸಿಕ್ಕಿಸಿದೆ ಎಂದು ಇನ್ಸ್‌ಪೆಕ್ಟರು ಗದರಿದರು.

"ಎಲ್ರೂ ಸಾಬ್ರು ಅಳತೆ ತಪ್ಪಿದ್ರು ಅಂತಿದ್ರು. ನಾನೂ ಅಂಗೇ ಅನ್ಕಂಡೆ, ಸ್ವಾಮಿ. ಅಂಗಂದ್ಕಂಡ್ರೆ ಮಗೀನ ಸಾಯ್ಸಿದೋನು ನಾನಲ್ಲ ಅನ್ನಿಸ್ತಿತ್ತು. ಒಂಚೂರು ನಿದ್ದೆ ಬತ್ತಿತ್ತು."

ರಾಮಮ್ಮ ಎದ್ದು ಅವನತ್ತ ತಿರುಗಿಯೂ ನೋಡದೆ ಹೊರಟುಹೋದಳು. ಪೇದೆಗಳು ಮಡುವಿನಿಂದ ಶಾಫ್ಟು ತೆಗೆದು ತಂದು ಕೂರಿಸಿದಾಗ ಅದು ಹಲ್ಲಿಗೆ ಹಲ್ಲು ಸರಿಯಾಗಿ ಕೂತಿತು. ಜಾಕಿ ಎತ್ತಿದರೂ ಕಳಚಲಿಲ್ಲ.

ಅಂದೇ ಫಕ್ರುದ್ದೀನನನ್ನು ಬಿಟ್ಟರು. ನಾನು ಅವನ ಕೈ ಹಿಡಿದು, ನಿಮ್ಮನ್ನು ತಪ್ಪು ತಿಳಿದಿದ್ದೆ ಎಂದೆ. ಅವನಿಗೆ ಅದು ಕೇಳಿಸಿದಂತೆ ಕಾಣಲಿಲ್ಲ. ಬೇಗಂ ಜಟಕಾದಲ್ಲಿ ಕಾದಿದ್ದಳು. ಅವನು ಹತ್ತದೆ ನಂಜಣ್ಣನ ಎದುರು ನಿಂತ.

"ಶಾಫ್ಟು ಮೋಟಾದ್ರೆ ಇಳಿಜಾರಲ್ಲಿ ಜೀವ ಹೋಗುತ್ತೆ ಅಂತ ಅವನಿಗೆ ಹೇಳ್ಕೊಟ್ಟಿದ್ದು ನಾನು, ಜಮೇದಾರ್ರೆ," ಎಂದ. "ಸುಮ್ನೆ ಅಳತೆ ಹಿಡಿದು ಬಾಯಿ ಮುಚ್ಕೊಂಡಿದ್ರೆ ಆ ಬಚ್ಚಿ ಬದುಕಿರ್ತಿತ್ತಲ್ವಾ?"

ಅಷ್ಟು ಹೊತ್ತು ಒಂದೊಂದು ಎಳೆಯನ್ನೂ ಬಿಡಿಸಿ ಹೇಳಿದ್ದ ನಂಜಣ್ಣ ತಲೆ ತಗ್ಗಿಸಿದ. ಬೇಗಂ ಇಳಿದು ಬಂದು ಗಂಡನ ತೋಳು ಹಿಡಿದು ಕರೆದುಕೊಂಡು ಹೋಗುವವರೆಗೂ ಅವನು ತಲೆ ಎತ್ತಲಿಲ್ಲ.