ಏಳು ವರ್ಷದ ಕಾಂಟ್ರಾಕ್ಟ್

'ಅವನು ನನ್ನನ್ನು ಐವತ್ತೈದು ವರ್ಷದ ಗಂಡಸು ಅಂದುಕೊಂಡಿದ್ದಾನೆ. ಇವತ್ತೂ ನಿಜ ಹೇಳಲಿಲ್ಲ...'

ಕಾತ್ಯಾಯಿನಿ ಡೈರಿಯಲ್ಲಿ ಇಷ್ಟು ಬರೆಯುವಷ್ಟರಲ್ಲಿ ಬಾಗಿಲು ತಟ್ಟಿದ ಸದ್ದಾಯಿತು.

ಅಮೆರಿಕದ ಅಲ್ಫರೆಟಾದ ಆ ಅಪಾರ್ಟ್‌ಮೆಂಟಿನ ಬಾಗಿಲನ್ನು ಪಾರ್ಸೆಲ್ ತರುವವರ ಹೊರತು ಯಾರೂ ತಟ್ಟುತ್ತಿರಲಿಲ್ಲ. ತೆರೆದರೆ, ಕೈಯಲ್ಲೊಂದು ಚೀಲ ಹಿಡಿದ ಎತ್ತರದ ಯುವಕ. ಜನವರಿಯ ಗಾಳಿಗೆ ಅವನ ಮೂಗಿನ ತುದಿ ಕೆಂಪಾಗಿತ್ತು.

"ಬದರಿನಾಥ ಅಂಕಲ್ ಇದಾರಾ? ನಾನು ಚಿರಂತನ್. ಬಸವಕುಮಾರ್ ಹತ್ರ ಅಡ್ರೆಸ್ ಇಸ್ಕೊಂಡೆ."

ಕಾತ್ಯಾಯಿನಿ ಅರ್ಧ ತೆರೆದ ಬಾಗಿಲನ್ನು ಹಿಡಿದೇ ನಿಂತಳು.

ಬದರಿನಾಥ ಅವಳ ಸೋದರಮಾವ. ಷಾರ್ಲೆಟ್ ನಗರಕ್ಕೆ ಹೋಗುವಾಗ ಈ ಮನೆಯನ್ನೂ, ತಮ್ಮ ಫ್ಯಾಮಿಲಿ ಪ್ಲಾನಿನ ಹಳೆಯ ಫೋನ್ ನಂಬರನ್ನೂ ಅವಳಿಗೆ ಬಿಟ್ಟುಕೊಟ್ಟಿದ್ದರು. ಹಿಂದೆ ಯಾರೋ ಸೇರಿಸಿದ್ದರಿಂದ ಆ ನಂಬರು ಕನ್ನಡಿಗರ ಬೇಸ್‌ಬಾಲ್ ವಾಟ್ಸ್ಯಾಪ್ ಗುಂಪಿನಲ್ಲಿತ್ತು. ಎಲ್ಲರ ಫೋನಿನಲ್ಲೂ ಅದು 'ಬದರಿನಾಥ ಅಂಕಲ್' ಆಗಿಯೇ ಉಳಿದಿತ್ತು.

ಎಂ.ಎಸ್. ಮುಗಿಸಿದ ಮೇಲೆ ಮನೆಯಿಂದಲೇ ಕೆಲಸ. ಸಂಜೆ ಕೋಣೆಯಲ್ಲಿ ಮನುಷ್ಯರ ದನಿಯೊಂದಿರಲಿ ಎಂದು ಅವಳು ಟೀವಿಯಲ್ಲಿ ಬೇಸ್‌ಬಾಲ್ ಹಚ್ಚಿಡುತ್ತಿದ್ದಳು. ನೋಡುತ್ತ ನೋಡುತ್ತ ಆಟ ಹಿಡಿಸಿತು. ಒಮ್ಮೆ ಗುಂಪಿನಲ್ಲಿ ಯಾರೋ ತಂಡದ ಸಂಬಳದ ಲೆಕ್ಕ ತಪ್ಪು ಬರೆದಾಗ ತಿದ್ದಿದಳು.

'ಸೂಪರ್ ಅಂಕಲ್' ಎಂದು ಚಿರಂತನ್ ಉತ್ತರಿಸಿದ.

'ನಾನು ಅಂಕಲ್ ಅಲ್ಲ' ಎಂದು ಟೈಪ್ ಮಾಡಿ, ಅಳಿಸಿದಳು. ಹೇಳಿದರೆ ಈ ಮಾತೂ ನಿಂತುಹೋದರೆ?

ಹಾಗೆಯೇ ಆರು ತಿಂಗಳಾಯಿತು. ಚಳಿಗಾಲ ಬಂದು ಆಟಗಳು ಮುಗಿದರೂ ವಾದ ಮುಗಿಯಲಿಲ್ಲ. ತಂಡದ ಅತ್ಯುತ್ತಮ ಆಟಗಾರನಾದ, ಮೈದಾನದ ನಡುವೆ ನಿಂತು ಚೆಂಡು ತಡೆಯುವ ಶಾರ್ಟ್‌ಸ್ಟಾಪ್‌ನನ್ನು ಉಳಿಸಿಕೊಳ್ಳಬೇಕೇ, ಬಿಡಬೇಕೇ?

'ಏಳು ವರ್ಷದ ಕಾಂಟ್ರಾಕ್ಟ್ ಕೊಡ್ಲೇಬೇಕು ಅಂಕಲ್.'

'ಏಳನೇ ವರ್ಷಕ್ಕೆ ಅವನಿಗೆ ಮೂವತ್ತೇಳು. ಅವನು ಓಡಲ್ಲ, ಸಂಬಳ ಮಾತ್ರ ಓಡ್ತಿರುತ್ತೆ. ಬಿಟ್ಟುಬಿಡಲಿ.'

'ಅಂಕಲ್ ಕೈಗೆ ತಂಡ ಕೊಟ್ರೆ ಒಂಬತ್ತು ಜನಾನೂ ಪುಕ್ಕಟೆ ಆಡ್ಬೇಕು' ಎಂದು ಬಸವಕುಮಾರ್ ನಡುವೆ ಕಾಲೆಳೆಯುತ್ತಿದ್ದ.

ಹೋದ ವಾರ ಚಿರಂತನ್ ಅವಳೊಬ್ಬಳಿಗೇ ಬರೆದಿದ್ದ. ದೂರದ ಜರ್ಮನ್‌ಟೌನ್‌ನ ಲ್ಯಾಬ್ ಒಂದರಲ್ಲಿ ಕೆಲಸ ಸಿಕ್ಕಿದೆ. 'ಹೋಗ್ಲಾ, ಇರ್ಲಾ ಅಂಕಲ್?'

ಇಡೀ ದಿನ ಯೋಚಿಸಿದಳು. ಕೊನೆಗೆ ಅಂಕಲ್ ಆದವರು ಏನು ಬರೆಯುತ್ತಿದ್ದರೋ ಅದನ್ನೇ ಬರೆದಳು. 'ಒಳ್ಳೆ ಆಫರ್. ಹೋಗಪ್ಪ.'

ಈಗ ಅವನು ಬಾಗಿಲಲ್ಲಿ ನಿಂತಿದ್ದಾನೆ.

"ಮಾವ... ಇಲ್ಲ."

"ಎಷ್ಟೊತ್ತಿಗೆ ಬರ್ತಾರೆ?"

"ಗೊತ್ತಿಲ್ಲ."

ಅವನ ಮುಖ ಬಾಡಿತು. ಚೀಲವನ್ನು ಅವಳ ಕೈಗಿತ್ತ. "ಅವರಿಗೊಂದು ಟೋಪಿ. ಐದು ಗಂಟೆಗೆ ಹೊಸ ಕೆಲಸದವರಿಗೆ ಉತ್ತರ ಕೊಡ್ಬೇಕು. ಅದಕ್ಕೆ ಮುಂಚೆ ಒಂದ್ಸಲ ಮುಖ ನೋಡಿ ಜಗಳ ಆಡೋಣ ಅಂತ ಬಂದೆ. ಬರ್ತೀನಿ."

'ಹೇಳು, ಈಗಲಾದರೂ ಹೇಳು...' ಎಂದು ಮನಸ್ಸು ಬೇಡಿಕೊಂಡಿತು. ಅವನು ಮೆಟ್ಟಿಲಿಳಿದು ಹೋದ.

ಬಾಲ್ಕನಿಯಿಂದ ನೋಡಿದರೆ ಅವನ ಕಾರು ಇನ್ನೂ ಪಾರ್ಕಿಂಗ್‌ನಲ್ಲೇ ಇತ್ತು. ಒಳಗೆ ತಲೆ ಬಗ್ಗಿಸಿ ಏನೋ ಟೈಪ್ ಮಾಡುತ್ತಿದ್ದ. ಅವನ ತಲೆ ಮೇಲೆದ್ದದ್ದೇ ತಡ, ಅವಳ ಅಂಗೈಯಲ್ಲಿ ಫೋನು ನಡುಗಿತು.

'ಅಂಕಲ್, ಮನೆಗೆ ಬಂದಿದ್ದೆ. ನೀವಿರಲಿಲ್ಲ. ನಮ್ಮ ಶಾರ್ಟ್‌ಸ್ಟಾಪ್ ಬೇರೆ ತಂಡಕ್ಕೆ ಸೈನ್ ಮಾಡಿದ. ಇಲ್ಲಿ ಇರು ಅಂತ ಯಾರೂ ಕೇಳಲೇ ಇಲ್ಲ ಅಂದನಂತೆ. ನಂದೂ ಅದೇ ಕಥೆ ನೋಡಿ. ಐದಕ್ಕೆ ಯೆಸ್ ಕಳಿಸ್ತೀನಿ. ಬಿಪಿ ಮಾತ್ರೆ ಮರೀಬೇಡಿ.'

ಗಂಟೆ ನಾಲ್ಕೂ ಮುಕ್ಕಾಲು.

ಅವಳು ಟೋಪಿ ತಲೆಗೇರಿಸಿಕೊಂಡು, ಮನೆಯ ಚಪ್ಪಲಿಯಲ್ಲೇ ಮೆಟ್ಟಿಲಿಳಿದು ಓಡಿದಳು.

ಅವನು ಕಾರಿನ ಗಾಜಿಳಿಸಿದ. ಟೋಪಿ ಅವಳ ಕಿವಿ ಮುಚ್ಚುವಷ್ಟು ದೊಡ್ಡದಿತ್ತು.

"ಏಳು ವರ್ಷ ಜಾಸ್ತಿನೇ," ಎಂದಳು. "ಮೂವತ್ತೇಳಕ್ಕೆ ಅವನು ಓಡಲ್ಲ. ಸಂಬಳ ಮಾತ್ರ ಓಡ್ತಿರುತ್ತೆ."

ಚಿರಂತನ್ ಒಮ್ಮೆ ಫೋನನ್ನೂ ಒಮ್ಮೆ ಅವಳನ್ನೂ ನೋಡಿದ.

"...ಅಂಕಲ್?"

"ಮಾವ ಷಾರ್ಲೆಟ್‌ನಲ್ಲಿದ್ದಾರೆ. ಬೇಸ್‌ಬಾಲ್ ಅಂದ್ರೆ ಅವರಿಗೆ ನಿದ್ದೆ ಬರುತ್ತೆ. ಈ ನಂಬರ್ ನಂದು. ನಾನು ಕಾತ್ಯಾಯಿನಿ."

ಬೈಯುತ್ತಾನೆ, ಈಗ ಬೈಯುತ್ತಾನೆ ಎಂದು ಅವಳು ಕಾದಳು.

"ಅಂದ್ರೆ... ಆರು ತಿಂಗಳಿಂದ ದಿನಾ ಬಿಪಿ ಮಾತ್ರೆ ತಗೊಂಡ್ರಾ ಅಂತ ಕೇಳಿದ್ದು ನಿಮ್ಮನ್ನಾ?"

"ಹ್ಞೂಂ."

"ಒಂದು ದಿನಾನಾದ್ರೂ ಹೇಳ್ಬಾರ್ದಿತ್ತಾ?"

"ಹೇಳಿದ್ರೆ ಕೇಳೋದು ನಿಲ್ಲಿಸ್ತಿದ್ರಿ. ಊಟ ಆಯ್ತಾ ಅಂತ ಕೇಳೋರೂ ಇಲ್ಲಿಲ್ಲ ನನಗೆ. ಅದೊಂದಕ್ಕೆ ಕಾಯ್ತಿದ್ದೆ."

ಅವನ ತುಟಿಯಂಚಿಗೆ ಬಂದಿದ್ದ ನಗು ಅಲ್ಲೇ ಕರಗಿತು. ಬಾಗಿಲು ತೆರೆದು ಅವಳೆದುರು ಬಂದು ನಿಂತ.

"ಹೋಗಪ್ಪ ಅಂತ ಬರೆದಿದ್ದೂ ನೀವೇ ಅಲ್ವಾ?"

"ಅದು ಅಂಕಲ್ ಬರೆದಿದ್ದು."

"ಸರಿ. ಕಾತ್ಯಾಯಿನಿ ಏನು ಬರೀತಿದ್ರು?"

ಡೈರಿಯಲ್ಲಿ ಅವನಿಗೆಂದೇ ಬರೆದ ಪುಟಗಳೆಷ್ಟೋ ಇದ್ದವು. ಅವುಗಳಲ್ಲಿ ಒಂದು ಸಾಲೂ ಈಗ ನೆನಪಿಗೆ ಬರಲಿಲ್ಲ. ಅವಳು ಟೋಪಿಯನ್ನು ಹಿಂದಕ್ಕೆ ಸರಿಸಿ, ಮೊದಲ ಬಾರಿಗೆ ಅವನ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು.

"ಇರು, ಚಿರಂತನ್."